ಹೊಗೆಯ ಪ್ರಮಾಣ, ರೋಗದ ರೇಖೆ

(ದತ್ತಿ ಉಪನ್ಯಾಸದ ಪಠ್ಯ. ಮುದ್ರಣಕ್ಕೆ ಕೊಡುವಾಗ ಅಲ್ಲಲ್ಲಿ ತುಸು ವಿಸ್ತರಿಸಿದೆ.)



ವಿಜ್ಞಾನದ ವಿಷಯವನ್ನು ಕನ್ನಡದಲ್ಲಿ, ವಿಷಯದ ಪರಿಚಯವಿಲ್ಲದವರಿಗೂ ಮುಟ್ಟುವಂತೆ ಹೇಳಬೇಕೆಂಬುದು ಈ ದತ್ತಿಯ ಆಶಯ. ನನ್ನದು ಸಂಖ್ಯಾಶಾಸ್ತ್ರ. ಅದರ ಹೆಸರು ಕೇಳಿದರೇ ಸಭೆಯ ಹಿಂದಿನ ಸಾಲು ಖಾಲಿಯಾಗುತ್ತದೆ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಸೂತ್ರಗಳನ್ನು ಆದಷ್ಟು ಬದಿಗಿಟ್ಟು ಹೊಗೆಯ ಬಗ್ಗೆ ಮಾತಾಡುತ್ತೇನೆ: ಸಿಗರೇಟಿನ ಹೊಗೆ, ಬೀದಿಯ ಹೊಗೆ, ಅಡುಗೆಮನೆಯ ಹೊಗೆ.

ಮೊದಲು ಒಂದು ಪ್ರಶ್ನೆ. ಒಬ್ಬಾತ ದಿನಕ್ಕೆ ಇಪ್ಪತ್ತು ಸಿಗರೇಟು ಸೇದುತ್ತಾನೆ, ಇನ್ನೊಬ್ಬ ಒಂದೇ ಒಂದು. ಮೊದಲನೆಯವನಿಗೆ ಸಿಗರೇಟಿನಿಂದ ಬಂದ ಹೆಚ್ಚುವರಿ ಅಪಾಯವನ್ನು ನೂರು ಎಂದಿಟ್ಟುಕೊಂಡರೆ ಎರಡನೆಯವನದು ಎಷ್ಟು? ಮಗ್ಗಿ ಬಲ್ಲವರೆಲ್ಲ ಐದು ಎನ್ನುತ್ತಾರೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹ್ಯಾಕ್‌ಶಾ ಮತ್ತು ಸಂಗಡಿಗರು 141 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಹೃದ್ರೋಗದ ಮಟ್ಟಿಗೆ ಬಂದ ಉತ್ತರ ಗಂಡಸರಲ್ಲಿ 46, ಹೆಂಗಸರಲ್ಲಿ 31. ಶ್ವಾಸಕೋಶದ ಕ್ಯಾನ್ಸರಿನ ಕಥೆಯೇ ಬೇರೆ. ಮುಂದೆ ಹೇಳಲಿರುವ, ಬ್ರಿಟನ್ನಿನ ವೈದ್ಯರ ಅಧ್ಯಯನದಿಂದ ಬಂದ ಸೂತ್ರವನ್ನು ಒಂದೇ ಸಿಗರೇಟಿನವರೆಗೂ ಎಳೆದರೆ ಉತ್ತರ ಸುಮಾರು 2. ಅದೇ ಸಿಗರೇಟು, ಅದೇ ದೇಹ. ಒಂದು ರೋಗಕ್ಕೆ ಎರಡು, ಇನ್ನೊಂದಕ್ಕೆ ನಲವತ್ತಾರು. ಮಗ್ಗಿಯ ಐದು ಎರಡಕ್ಕೂ ಹೊಂದುವುದಿಲ್ಲ.

‘ದಿನಕ್ಕೆ ಒಂದೇ ಅಲ್ಲವೆ ಡಾಕ್ಟ್ರೇ’ ಎನ್ನುವ ರೋಗಿಗೆ ಏನು ಹೇಳಬೇಕೆಂಬುದು ಈ ಸಂಖ್ಯೆಗಳ ಮೇಲೆ ನಿಂತಿದೆ. ಪ್ರಮಾಣ ಏರಿದಂತೆ ಪರಿಣಾಮ ಹೇಗೆ ಏರುತ್ತದೆ, ನೇರವಾಗಿಯೋ, ಮೊದಲು ಕಡಿದಾಗಿ ಆಮೇಲೆ ಸಪಾಟಾಗಿಯೋ, ಮೊದಲು ನಿಧಾನವಾಗಿ ಆಮೇಲೆ ಧಿಡೀರನೆಯೋ? ಈ ಆಕಾರವನ್ನು ಕಂಡುಹಿಡಿಯುವ ಕೆಲಸಕ್ಕೆ ಎಪಿಡೆಮಿಯಾಲಜಿಯಲ್ಲಿ, ಅಂದರೆ ಜನಸಮುದಾಯದಲ್ಲಿ ರೋಗದ ಹರಡುವಿಕೆಯನ್ನು ಅಭ್ಯಸಿಸುವ ಶಾಸ್ತ್ರದಲ್ಲಿ, ಪ್ರಮಾಣ-ಪರಿಣಾಮದ ವಿಶ್ಲೇಷಣೆ ಎನ್ನುತ್ತಾರೆ. ಅದಕ್ಕೆ ಎರಡು ದಾರಿಗಳಿವೆ. ಒಂದು ಹಳೆಯದು: ಪ್ರಮಾಣವನ್ನು ಗುಂಪುಗಳಾಗಿ ಕತ್ತರಿಸಿ, ಗುಂಪಿನಿಂದ ಗುಂಪಿಗೆ ಹೋಲಿಸುವುದು, ಇಲ್ಲವೇ ಸರಳರೇಖೆಯೊಂದನ್ನು ಎಳೆದು ಬಿಡುವುದು. ಇನ್ನೊಂದು ಹೊಸದು: ರೇಖೆ ಯಾವ ಆಕಾರದಲ್ಲಿರಬೇಕೆಂದು ದತ್ತಾಂಶವೇ ತೀರ್ಮಾನಿಸಲಿ ಎಂದು ಬಿಡುವುದು. ಮೊದಲನೆಯದನ್ನು ಸಾಂಪ್ರದಾಯಿಕ ಎನ್ನೋಣ, ಎರಡನೆಯದನ್ನು ಹೊಂದಿಕೊಳ್ಳುವ ವಿಧಾನ ಎನ್ನೋಣ. ಹೊಸದರ ಪರವಾಗಿಯೇ ನಾನು ವಾದಿಸುವವನು. ಆದರೆ ಕಣ್ಣುಮುಚ್ಚಿಕೊಂಡಲ್ಲ.

ಹಳೆಯ ದಾರಿಯನ್ನು ಹೀಗಳೆಯುವ ಮೊದಲು ಅದು ಮಾಡಿದ ದೊಡ್ಡ ಕೆಲಸವನ್ನು ನೋಡಬೇಕು. 1950ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರು, ಅವರಿಗೆ ವಯಸ್ಸಿನಲ್ಲಿ ಸರಿಹೊಂದುವ, ಬೇರೆ ಕಾಯಿಲೆಯ 649 ಗಂಡಸರು. ದಿನಕ್ಕೆ ಎಷ್ಟು ಸೇದುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡ ಪಟ್ಟಿ ಇದು. ಮೊದಲನೆಯ ಸಂಖ್ಯೆ ಕ್ಯಾನ್ಸರ್ ರೋಗಿಗಳದು, ಎರಡನೆಯದು ಹೋಲಿಕೆಯವರದು:

ಸೇದದವರು: 2 — 27
1ರಿಂದ 4: 33 — 55
5ರಿಂದ 14: 250 — 293
15ರಿಂದ 24: 196 — 190
25ರಿಂದ 49: 136 — 71
50 ಮತ್ತು ಮೇಲೆ: 32 — 13

ನೂರು ಜನ ಹೋಲಿಕೆಯವರಿಗೆ ಎಷ್ಟು ರೋಗಿಗಳು ಎಂದು ಸಾಲುಸಾಲಾಗಿ ಭಾಗಿಸಿ ನೋಡಿ: 7, 60, 85, 103, 192, 246. ಮೇಲಿಂದ ಕೆಳಗೆ ಒಂದು ಸಾಲೂ ಹಿಂದೆ ಸರಿಯದೆ ಏರುತ್ತದೆ. ಈ ಪಟ್ಟಿಯನ್ನು ಓದಲು ಕಂಪ್ಯೂಟರ್ ಬೇಡ, ಗುಣಾಕಾರ-ಭಾಗಾಕಾರ ಬಂದರೆ ಸಾಕು. ಹದಿನೈದು ವರ್ಷಗಳ ನಂತರ, 1965ರಲ್ಲಿ, ಹಿಲ್ ಕಾರಣ-ಪರಿಣಾಮವನ್ನು ತೂಗಿ ನೋಡಲು ಒಂಬತ್ತು ದೃಷ್ಟಿಗಳನ್ನು ಮುಂದಿಟ್ಟಾಗ ಐದನೆಯದಾಗಿ ಸೇರಿಸಿದ್ದು ಈ ಏರಿಕೆಯನ್ನೇ.

ಈಗ ಅದೇ ಪಟ್ಟಿಯನ್ನು ಇನ್ನಷ್ಟು ಹತ್ತಿರ ಹಿಡಿಯೋಣ. ಇಂದಿನ ಪದ್ಧತಿಯಂತೆ ಸೇದದವರನ್ನು ಆಧಾರ ಗುಂಪು ಮಾಡಿಕೊಂಡರೆ, 1ರಿಂದ 4ರ ಗುಂಪಿಗೆ ಎಂಟು ಪಟ್ಟು, 50ರ ಮೇಲಿನವರಿಗೆ ಮೂವತ್ತಮೂರು ಪಟ್ಟು. ಕೇಳಲು ಬಹಳ ಖಚಿತವಾಗಿದೆ. ಆದರೆ ಆಧಾರ ಗುಂಪಿನಲ್ಲಿ ಕ್ಯಾನ್ಸರ್ ಬಂದವರು ಇಬ್ಬರೇ. ಆ ಇಬ್ಬರು ನಾಲ್ವರಾಗಿದ್ದರೆ ಪಟ್ಟಿಯ ಪ್ರತಿಯೊಂದು ‘ಪಟ್ಟು’ ಅರ್ಧಕ್ಕೆ ಇಳಿಯುತ್ತಿತ್ತು. ಸುಮಾರು ಆರುನೂರೈವತ್ತು ರೋಗಿಗಳ ಅಧ್ಯಯನದ ಎಲ್ಲ ಹೋಲಿಕೆಗಳೂ ಇಬ್ಬರ ಹೆಗಲ ಮೇಲೆ ನಿಂತಿವೆ. ಇದು ಡಾಲ್-ಹಿಲ್ ಅವರ ದೋಷವಲ್ಲ. ಗುಂಪು ಮಾಡಿ ಹೋಲಿಸುವ ವಿಧಾನದ ಗುಣವೇ ಅದು: ಯಾವುದನ್ನು ಆಧಾರವಾಗಿ ಹಿಡಿದೆವೋ ಆ ಗುಂಪಿನ ಅನಿಶ್ಚಿತತೆ ಎಲ್ಲ ಸಾಲುಗಳಿಗೂ ಹರಡುತ್ತದೆ.

ಗಡಿಗಳನ್ನು ನೋಡಿ. ದಿನಕ್ಕೆ ಐದು ಸೇದುವವನೂ ಹದಿನಾಲ್ಕು ಸೇದುವವನೂ ಇಲ್ಲಿ ಒಂದೇ. ಹದಿನಾಲ್ಕರವನೂ ಹದಿನೈದರವನೂ ಬೇರೆ ಬೇರೆ. ಇಳಿಜಾರಾಗಿರುವ ಗುಡ್ಡವನ್ನು ಮೆಟ್ಟಿಲಾಗಿ ಕಡಿದಂತೆ. ಮೆಟ್ಟಿಲಿನ ಮೇಲೆ ಏರಿಕೆ ಇಲ್ಲ, ಅಂಚಿನಲ್ಲಿ ಮಾತ್ರ ಜಿಗಿತ. ಯಾವ ಶ್ವಾಸಕೋಶವೂ ಹದಿನೈದನೆಯ ಸಿಗರೇಟಿಗಾಗಿ ಕಾದು ಕುಳಿತಿರುವುದಿಲ್ಲ. 85ರಿಂದ 103ಕ್ಕೆ ಸಣ್ಣ ಹೆಜ್ಜೆ, 103ರಿಂದ 192ಕ್ಕೆ ದೊಡ್ಡ ಹೆಜ್ಜೆ ಇರುವುದು ನಿಜವಾದ ಬಾಗೋ, ಕತ್ತರಿಸಿದ ಜಾಗದ ಫಲವೋ, ಆಕಸ್ಮಿಕವೋ ಎಂದು ಈ ಪಟ್ಟಿಯೊಂದರಿಂದಲೇ ಹೇಳಲಾಗದು.

ಇದರ ಜೊತೆಗೆ ಜನ ಸಂಖ್ಯೆ ಹೇಳುವ ರೀತಿಯೂ ಸೇರುತ್ತದೆ. ಯಾರೂ ‘ಹದಿಮೂರು’ ಎನ್ನುವುದಿಲ್ಲ. ಹತ್ತು ಎನ್ನುತ್ತಾರೆ, ಒಂದು ಪ್ಯಾಕು ಎನ್ನುತ್ತಾರೆ. ನಮ್ಮ ಕಡೆ ಬೀಡಿ ಸೇದುವವರು ಕಟ್ಟಿನ ಲೆಕ್ಕದಲ್ಲಿ ಹೇಳುತ್ತಾರೆ, ಅರ್ಧ ಕಟ್ಟು, ಒಂದು ಕಟ್ಟು. ಹತ್ತು, ಇಪ್ಪತ್ತು ಎಂಬ ಗುಂಡು ಸಂಖ್ಯೆಗಳ ಸುತ್ತ ಜನ ಗುಂಪುಗೂಡಿರುವಾಗ ಗಡಿಯನ್ನು ಒಂದು ಈಚೆಗೆ ಇಟ್ಟರೆ ಒಂದು ಫಲಿತಾಂಶ, ಒಂದು ಆಚೆಗೆ ಇಟ್ಟರೆ ಇನ್ನೊಂದು.

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳನ್ನು ನೋಡುವ ಕೆಲಸದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಮಾತು, ‘ಸರ್, ಕಟ್-ಆಫ್ ಎಷ್ಟು ಇಡ್ಲಿ?’ ಗಡಿ ಇಡಲೇಬೇಕು ಎಂಬುದರಲ್ಲಿ ಅವರಿಗೆ ಸಂಶಯವೇ ಇಲ್ಲ. ಒಂದೆರಡು ಗಡಿ ಪ್ರಯತ್ನಿಸಿ, ಪಿ-ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ರೂಢಿ. 1994ರಲ್ಲಿ ಡಗ್ಲಸ್ ಆಲ್ಟ್‌ಮನ್ ಮತ್ತು ಸಂಗಡಿಗರು ಈ ರೂಢಿಯ ಬೆಲೆಯನ್ನು ಲೆಕ್ಕಹಾಕಿ ತೋರಿಸಿದರು. ಇಲ್ಲದ ಸಂಬಂಧವನ್ನು ಇದೆ ಎನ್ನುವ ತಪ್ಪು ನೂರಕ್ಕೆ ಐದು ಇರಬೇಕಾದಲ್ಲಿ, ‘ಅತ್ಯುತ್ತಮ’ ಗಡಿಯನ್ನು ಹುಡುಕಿ ಆರಿಸಿದರೆ ನಲವತ್ತರ ಹತ್ತಿರ ಹೋಗಬಲ್ಲದು. ಹುಡುಕದೆ, ಪ್ರಾಮಾಣಿಕವಾಗಿ ನಡುವಿನಲ್ಲೇ ಎರಡು ಭಾಗ ಮಾಡಿದರೂ ನಷ್ಟ ತಪ್ಪದು. ಮೂರರಲ್ಲಿ ಒಂದು ಪಾಲು ರೋಗಿಗಳ ಮಾಹಿತಿಯನ್ನು ಕಸದ ಬುಟ್ಟಿಗೆ ಹಾಕಿದಷ್ಟು ಶಕ್ತಿ ಕುಂದುತ್ತದೆ ಎಂದು ಆಲ್ಟ್‌ಮನ್ ಮತ್ತು ಪ್ಯಾಟ್ರಿಕ್ ರಾಯ್‌ಸ್ಟನ್ 2006ರಲ್ಲಿ ಬರೆದರು. ವರ್ಷಗಟ್ಟಲೆ ಮನೆಮನೆ ಅಲೆದು ತಂದ ಮಾಹಿತಿ ಅದು!

ಸಾಂಪ್ರದಾಯಿಕ ದಾರಿಯಲ್ಲಿ ಇನ್ನೊಂದು ಉಪಾಯವಿದೆ. ಗುಂಪುಗಳಿಗೆ 0, 1, 2, 3 ಎಂದು ಅಂಕ ಕೊಟ್ಟು, ಒಟ್ಟಾರೆ ಏರಿಕೆ ಇದೆಯೇ ಎಂದು ಒಂದೇ ಪರೀಕ್ಷೆಯಲ್ಲಿ ಕೇಳುವುದು. ಅಮೆರಿಕದ ನೇಥನ್ ಮ್ಯಾಂಟೆಲ್ 1963ರಲ್ಲಿ ಇದನ್ನು ಎಲ್ಲರ ಕೈಗೆಟಕುವಂತೆ ಮಾಡಿದರು. ಬಹಳ ಉಪಯುಕ್ತವಾದ ಪರೀಕ್ಷೆ, ಆದರೆ ಅದು ಉತ್ತರಿಸುವ ಪ್ರಶ್ನೆ ಚಿಕ್ಕದು. ಸೇದದವರಿಗೂ ಸೇದುವವರಿಗೂ ದೊಡ್ಡ ಅಂತರವಿದ್ದು, ಸೇದುವವರೊಳಗೆ ಹೆಚ್ಚು-ಕಡಿಮೆಯಿಂದ ಏನೂ ವ್ಯತ್ಯಾಸವಾಗದಿದ್ದರೂ ಈ ಪರೀಕ್ಷೆ ಹಸಿರು ದೀಪ ತೋರಿಸಬಹುದು. ಅದನ್ನು ನೋಡಿ ‘ಪ್ರಮಾಣ-ಪರಿಣಾಮ ಸಾಬೀತಾಯಿತು’ ಎಂದು ಬರೆಯುವವರಿಗೆ ಬರವಿಲ್ಲ.

ಗುಂಪನ್ನು ಬಿಟ್ಟು ಸಂಖ್ಯೆಯನ್ನೇ ಹಿಡಿದರೂ, ತಪ್ಪು ಆಕಾರವನ್ನು ಮೊದಲೇ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ‘ಪ್ಯಾಕ್-ವರ್ಷ’ ಒಳ್ಳೆಯ ಉದಾಹರಣೆ. ದಿನಕ್ಕೆ ಎಷ್ಟು ಪ್ಯಾಕು (ಪ್ಯಾಕಿಗೆ ಇಪ್ಪತ್ತು ಸಿಗರೇಟು) ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸುತ್ತಾರೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಈಗಲೂ ಬರೆಯುವುದು ಇದನ್ನೇ. ಒಂದು ಪ್ಯಾಕು ನಲವತ್ತು ವರ್ಷ, ಎರಡು ಪ್ಯಾಕು ಇಪ್ಪತ್ತು ವರ್ಷ, ಎರಡೂ ನಲವತ್ತು ಪ್ಯಾಕ್-ವರ್ಷ, ಆದ್ದರಿಂದ ಸಮ. ನಿಜವಾಗಿ ಸಮವೆ? ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿ ಕಳಿಸಿ, 34,439 ಗಂಡು ವೈದ್ಯರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನ ಶುರುಮಾಡಿದ್ದರು. ಅದರ ಇಪ್ಪತ್ತು ವರ್ಷಗಳ ಮಾಹಿತಿಯಿಂದ ಡಾಲ್ ಮತ್ತು ರಿಚರ್ಡ್ ಪೀಟೋ 1978ರಲ್ಲಿ ಒಂದು ಸೂತ್ರ ಕೊಟ್ಟರು: ಶ್ವಾಸಕೋಶದ ಕ್ಯಾನ್ಸರ್ ಬರುವ ದರವು ದಿನದ ಸಿಗರೇಟಿಗೆ ಆರು ಕೂಡಿಸಿದ ಮೊತ್ತದ ವರ್ಗಕ್ಕೆ, ಮತ್ತು ವಯಸ್ಸಿನಿಂದ 22.5 ಕಳೆದು ಉಳಿದ ವರ್ಷಗಳ ನಾಲ್ಕೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆ ಉಳಿದ ವರ್ಷಗಳೇ ಸುಮಾರಾಗಿ ಸೇದಿದ ಅವಧಿ. ಸೂತ್ರ ಒಂದೇ ಒಂದು, ಅದನ್ನು ಇಂದು ಹೇಳಿಬಿಟ್ಟೆ, ಕ್ಷಮಿಸಿ. ಇದರಂತೆ ದಿನದ ಸಿಗರೇಟು ಇಪ್ಪತ್ತರಿಂದ ನಲವತ್ತಕ್ಕೆ ಏರಿದರೆ ದರ ಮೂರು ಪಟ್ಟಾಗುತ್ತದೆ. ಅವಧಿ ಇಪ್ಪತ್ತರಿಂದ ನಲವತ್ತು ವರ್ಷಕ್ಕೆ ಏರಿದರೆ ಇಪ್ಪತ್ತೆರಡು ಪಟ್ಟು ದಾಟುತ್ತದೆ. ಅಂದರೆ ಒಂದು ಪ್ಯಾಕಿನ ನಲವತ್ತು ವರ್ಷದ ದರವು ಎರಡು ಪ್ಯಾಕಿನ ಇಪ್ಪತ್ತು ವರ್ಷದ ದರದ ಏಳು ಪಟ್ಟು. ವಯಸ್ಸಿನ ಪಾಲೂ ಇದರೊಳಗೆ ಸೇರಿದೆ, ನಿಜ. ಆದರೂ ‘ಸಮ’ ಎಂದ ಪ್ಯಾಕ್-ವರ್ಷ ಎಲ್ಲಿ, ಏಳು ಪಟ್ಟು ಎಲ್ಲಿ! ಸಿಗರೇಟಿನ ಸಂಖ್ಯೆ ಕಡಿಮೆ ಮಾಡಿಕೊಂಡೆ ಎಂದು ಬೀಗುವವರಿಗಿಂತ ಬೇಗ ಬಿಟ್ಟವರಿಗೆ ಹೆಚ್ಚು ಲಾಭ ಎಂಬ ಮಾತು ಈ ನಾಲ್ಕೂವರೆ ಘಾತದಲ್ಲಿ ಅಡಗಿದೆ.

ಇನ್ನು ಹೊಸ ದಾರಿ. 1994ರಲ್ಲಿ ರಾಯ್‌ಸ್ಟನ್ ಮತ್ತು ಆಲ್ಟ್‌ಮನ್ ಭಿನ್ನಘಾತ ಬಹುಪದಿಗಳ ವಿಧಾನವನ್ನು ಪ್ರಕಟಿಸಿದರು. ಹೆಸರು ಭಾರ, ಕೆಲಸ ಹಗುರ. ಪ್ರಮಾಣವನ್ನು ಹಾಗೆಯೇ ಇಡಬಹುದು, ಅದರ ವರ್ಗಮೂಲ ತೆಗೆಯಬಹುದು, ಲಾಗ್ ತೆಗೆಯಬಹುದು, ವರ್ಗ ಮಾಡಬಹುದು, ಘನ ಮಾಡಬಹುದು, ತಲೆಕೆಳಗು ಮಾಡಬಹುದು. ಹೀಗೆ ಎಂಟು ರೂಪಗಳು. ಒಂದೊಂದನ್ನೇ ಬಳಸಿದರೆ ಎಂಟು ರೇಖೆಗಳು, ಎರಡೆರಡು ಜೋಡಿಸಿದರೆ ಮೂವತ್ತಾರು, ಒಟ್ಟು ನಲವತ್ನಾಲ್ಕು. ಈ ಪೆಟ್ಟಿಗೆಯೊಳಗಿಂದ ದತ್ತಾಂಶಕ್ಕೆ ಅತಿ ಚೆನ್ನಾಗಿ ಕೂರುವ ರೇಖೆಯನ್ನು ಕಂಪ್ಯೂಟರ್ ಆರಿಸುತ್ತದೆ. ಸ್ಪ್ಲೈನ್ ಎಂಬ ಇನ್ನೊಂದು ವಿಧಾನದಲ್ಲಿ ತುಂಡು ತುಂಡು ವಕ್ರರೇಖೆಗಳನ್ನು ಗಂಟುಗಳಲ್ಲಿ ನಯವಾಗಿ ಸೇರಿಸುತ್ತಾರೆ. ಅಮೆರಿಕದ ಜಾರ್ಜ್ ನ್ಯಾಫ್ಲ್ ಮತ್ತು ಕೈ ಡಿಂಗ್ 2016ರ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಎಂಟೇ ರೂಪ ಏಕೆ, ಯಾವ ಘಾತವಾದರೂ ಇರಲಿ, ಹುಡುಕೋಣ. ಆದರೆ ಹುಡುಕಿದ್ದು ಸರಿಯೇ ಎಂದು ನೋಡಲು ದತ್ತಾಂಶವನ್ನು ಹಲವು ಭಾಗ ಮಾಡಿ, ಒಂದು ಭಾಗವನ್ನು ಅಡಗಿಸಿಟ್ಟು, ಉಳಿದವುಗಳಿಂದ ರೇಖೆ ಎಳೆದು, ಅಡಗಿಸಿಟ್ಟ ಭಾಗವನ್ನು ಅದು ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ಪರೀಕ್ಷಿಸೋಣ. ಭಾಗಗಳೆಲ್ಲ ಸರದಿಯಲ್ಲಿ ಒಂದೊಂದು ಸಲ ಅಡಗುತ್ತವೆ.

ಇಲ್ಲಿ ಯಾರಾದರೂ ಎದ್ದುನಿಂತು ಕೇಳಬೇಕು: ಗಡಿಯನ್ನು ಹುಡುಕಿ ಆರಿಸುವುದು ತಪ್ಪಾದರೆ, ನಲವತ್ನಾಲ್ಕರಲ್ಲಿ ಆಕಾರವನ್ನು ಹುಡುಕಿ ಆರಿಸುವುದು ಹೇಗೆ ಸರಿ? ಕೇಳಬೇಕಾದ ಪ್ರಶ್ನೆಯೇ. ಹುಡುಕಿದ್ದನ್ನು ಹುಡುಕಲಿಲ್ಲವೆಂಬಂತೆ ಬರೆದರೆ ಎರಡೂ ಒಂದೇ ತಪ್ಪು. ರಾಯ್‌ಸ್ಟನ್ ಅವರ ಬಳಗ ಇದಕ್ಕೆ ಸರದಿಯ ಪರೀಕ್ಷೆಯೊಂದನ್ನು ಇಟ್ಟಿದೆ. ಮೊದಲು, ಪ್ರಮಾಣಕ್ಕೂ ರೋಗಕ್ಕೂ ಏನಾದರೂ ಸಂಬಂಧವಿದೆಯೇ? ಇಲ್ಲವೆಂದರೆ ಅಲ್ಲಿಗೇ ನಿಲ್ಲಿ. ಇದ್ದರೆ, ಸರಳರೇಖೆ ಸಾಲದೆ? ಸಾಕೆಂದರೆ ಅಲ್ಲಿಗೇ ನಿಲ್ಲಿ. ಸಾಲದಿದ್ದರೆ ಮಾತ್ರ ಬಾಗಿದ ರೇಖೆಗೆ ಕೈಹಾಕಿ. ಹೀಗೆ ಮಾಡಿದರೆ ತಪ್ಪಿನ ಪ್ರಮಾಣ ನೂರಕ್ಕೆ ಐದರ ಆಸುಪಾಸಿನಲ್ಲೇ ಉಳಿಯುತ್ತದೆ. ಗಡಿ ಹುಡುಕುವವರಿಗೆ ಈ ಶಿಸ್ತು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೊಂದಿಕೊಳ್ಳುವ ರೇಖೆಗೆ ಇನ್ನೊಂದು ಚಟವಿದೆ. ಜನ ವಿರಳವಾಗಿರುವ ಅಂಚುಗಳಲ್ಲಿ ಅದು ಬಾಲ ಬೀಸುತ್ತದೆ. ಡಾಲ್-ಪೀಟೋ ಸೂತ್ರವನ್ನೇ ನೋಡಿ. ಅವರು ಅದನ್ನು ದಿನಕ್ಕೆ ನಲವತ್ತರವರೆಗೆ ಸೇದುವವರಿಂದ ಮಾತ್ರ ಕಟ್ಟಿದರು. ನಲವತ್ತು ದಾಟಿದವರಲ್ಲಿ ಕ್ಯಾನ್ಸರ್ ಸೂತ್ರ ಹೇಳುವಷ್ಟು ಇರಲಿಲ್ಲ. ಅಂಥವರು ಕೆಲವೇ ಮಂದಿ. ಮೇಲಾಗಿ, ಅಷ್ಟೊಂದು ಸಿಗರೇಟು ಹೊತ್ತಿಸುವವರು ಪ್ರತಿಯೊಂದನ್ನೂ ಅಷ್ಟೇ ಆಳವಾಗಿ ಎಳೆಯುತ್ತಾರೆಂದು ಹೇಳಲಾಗದು. ಆ ಬಿಂದುಗಳನ್ನು ಸ್ಪ್ಲೈನಿಗೆ ಕೊಟ್ಟಿದ್ದರೆ ಅದು ನಿಷ್ಠೆಯಿಂದ ಕೆಳಗೆ ಬಾಗಿ, ವಿಪರೀತ ಸೇದಿದರೆ ಅಪಾಯ ತಗ್ಗುತ್ತದೆಂದು ತೋರಿಸಬಹುದಿತ್ತು. ಬೇಡವೆಂದು ಬಿಟ್ಟದ್ದು ಡಾಲ್ ಮತ್ತು ಪೀಟೋ ಅವರ ತೀರ್ಮಾನ, ಮತ್ತು ಅವರು ಅದನ್ನು ಬಚ್ಚಿಡಲಿಲ್ಲ. ಯಂತ್ರಕ್ಕೆ ಈ ವಿವೇಕ ಇಲ್ಲ. ಇರುವ ಚುಕ್ಕಿಗಳ ಹಿಂದೆ ಹೋಗುವುದಷ್ಟೇ ಅದಕ್ಕೆ ಗೊತ್ತು.

ಈಗ ಬೀದಿಗೆ ಬರೋಣ. ಗಾಳಿಯಲ್ಲಿ ತೇಲುವ, ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಪಿಎಂ 2.5 ಎನ್ನುತ್ತಾರೆ. 1993ರ ‘ಆರು ನಗರ’ಗಳ ಅಧ್ಯಯನದಲ್ಲಿ ಅಮೆರಿಕದ 8,111 ವಯಸ್ಕರನ್ನು ಹಿಂಬಾಲಿಸಿದಾಗ ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ದರ ಅತಿ ಶುದ್ಧ ಗಾಳಿಯ ಊರಿಗಿಂತ ನೂರಕ್ಕೆ 26ರಷ್ಟು ಹೆಚ್ಚಿತ್ತು. ಆದರೆ ಅಮೆರಿಕದ ಕೊಳಕು ಗಾಳಿ ನಮ್ಮ ಉತ್ತರ ಭಾರತದ ಚಳಿಗಾಲದ ಗಾಳಿಯ ಮುಂದೆ ಏನೂ ಅಲ್ಲ. ಅಲ್ಲಿಯ ರೇಖೆಯನ್ನು ಇಲ್ಲಿಯವರೆಗೆ ಎಳೆಯುವುದು ಹೇಗೆ? ಆರ್ಡೆನ್ ಪೋಪ್ ಮತ್ತು ಸಂಗಡಿಗರು 2009 ಮತ್ತು 2011ರಲ್ಲಿ ಒಂದು ಜಾಣತನ ಮಾಡಿದರು. ಸಿಗರೇಟು ಸೇದುವುದೂ ಕಣ ಒಳಗೆ ಎಳೆದುಕೊಳ್ಳುವುದೇ. ಒಂದು ಸಿಗರೇಟಿಗೆ ಸುಮಾರು 12 ಮಿಲಿಗ್ರಾಂ ಎಂದು ಹಿಡಿದು, ಬೀದಿಯ ಗಾಳಿ, ಪಕ್ಕದವರ ಸಿಗರೇಟು, ಸ್ವಂತ ಸಿಗರೇಟು ಎಲ್ಲವನ್ನೂ ಒಂದೇ ಅಡ್ಡಗೆರೆಯ ಮೇಲೆ ಇಟ್ಟರು. ಶ್ವಾಸಕೋಶದ ಕ್ಯಾನ್ಸರಿನ ರೇಖೆ ಹೆಚ್ಚುಕಡಿಮೆ ನೇರವಾಗಿ ಏರಿತು. ಹೃದ್ರೋಗದ ರೇಖೆ ಅತಿ ಸಣ್ಣ ಪ್ರಮಾಣದಲ್ಲೇ ಕಡಿದಾಗಿ ಏರಿ ಆಮೇಲೆ ಸಪಾಟಾಯಿತು. ಒಂದು ಸಿಗರೇಟಿಗೆ 46 ಎಂಬ ಒಗಟಿಗೆ ಉತ್ತರ ಈ ಬಾಗಿನಲ್ಲಿದೆ.

ಆಕಾರದ ಆಯ್ಕೆ ಪುಸ್ತಕದ ಮಾತಲ್ಲ ಎನ್ನುವುದಕ್ಕೆ ಇನ್ನೊಂದು ಜೋಡಿ ಸಂಖ್ಯೆ ಸಾಕು. ಹೊರಗಿನ ಗಾಳಿಯ ಸೂಕ್ಷ್ಮ ಕಣಗಳಿಂದ 2015ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 42 ಲಕ್ಷ ಎಂದು ಜಾಗತಿಕ ರೋಗಭಾರದ ಲೆಕ್ಕ ಹೇಳಿತ್ತು. ಅದರ ರೇಖೆ ಸಿಗರೇಟನ್ನೂ ಸೇರಿಸಿಕೊಂಡು ಕಟ್ಟಿದ್ದು. 2018ರಲ್ಲಿ ರಿಚರ್ಡ್ ಬರ್ನೆಟ್ ಮತ್ತು ಸಂಗಡಿಗರು 16 ದೇಶಗಳ 41 ಅಧ್ಯಯನಗಳಿಂದ, ಸಿಗರೇಟನ್ನು ಬಿಟ್ಟು, ಹೊರಗಿನ ಗಾಳಿಯ ಮಾಹಿತಿಯೊಂದರಿಂದಲೇ ಹೊಸ ರೇಖೆ ಎಳೆದರು. ಅದೇ ವರ್ಷಕ್ಕೆ ಬಂದ ಸಂಖ್ಯೆ 89 ಲಕ್ಷ. ಲೆಕ್ಕಕ್ಕೆ ತೆಗೆದುಕೊಂಡ ಕಾಯಿಲೆಗಳ ವ್ಯಾಪ್ತಿಯೂ ಹಿಗ್ಗಿತ್ತು ಎನ್ನುವುದನ್ನು ಮರೆಯಬಾರದು. ಆದರೂ ಗಾಳಿ ಬದಲಾಗಿರಲಿಲ್ಲ, ಸತ್ತವರು ಬದಲಾಗಿರಲಿಲ್ಲ. ರೇಖೆ ಬದಲಾಗಿತ್ತು.

ನಮ್ಮ ದೇಶದಲ್ಲಿ ಪಿಎಂ 2.5ರ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ‘ಮಿತಿಯೊಳಗಿದ್ದೇವೆ’ ಎಂದು ನಗರಗಳು ನಿಟ್ಟುಸಿರು ಬಿಡುವುದುಂಟು. 40 ಎಂಬುದು ಆಡಳಿತಕ್ಕೆ ಬೇಕಾದ ಗಡಿ, ದೇಹಕ್ಕೆ ಗೊತ್ತಿರುವ ಗಡಿಯಲ್ಲ. ಹೃದ್ರೋಗದ ರೇಖೆ ಕಡಿದಾಗಿರುವುದು 40ರ ಕೆಳಗೇ.

ಕೊನೆಯದಾಗಿ ಅಡುಗೆಮನೆ. ಸೌದೆ ಒಲೆಯ ಮುಂದೆ ಕೂತವರ ಉಸಿರಿಗೆ ಹೋಗುವ ಹೊಗೆಯ ಮುಂದೆ ಬೀದಿಯ ಹೊಗೆ ಏನೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ, ಹಳ್ಳಿಗಳಿಗೆ ತಂತ್ರಜ್ಞಾನ ಮುಟ್ಟಿಸುವ ‘ಅಸ್ತ್ರ’ ಕೇಂದ್ರ ಶುರುವಾಗಿ, ಅಲ್ಲಿಂದ ಸೌದೆ ಉಳಿಸುವ ಅಸ್ತ್ರ ಒಲೆ ಹಳ್ಳಿಗಳಿಗೆ ಹೋದಾಗ ಅದರ ಗುಣವನ್ನು ಮುಖ್ಯವಾಗಿ ಅಳೆದದ್ದು ಉಳಿದ ಸೌದೆಯ ತೂಕದಲ್ಲಿ. ಹೊಗೆ ಕೊಳವೆಯಿಂದ ಹೊರಗೆ ಹೋದದ್ದು ಹೆಂಗಸರಿಗೆ ಸಿಕ್ಕ ಲಾಭ. ಆ ಲಾಭ ಎಷ್ಟು ಎಂದು ಕೇಳಿದ ದೊಡ್ಡ ಪ್ರಯೋಗ ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ನಡೆಯಿತು. ಕಿರ್ಕ್ ಸ್ಮಿತ್ ಮತ್ತು ಸಂಗಡಿಗರು 534 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹೊಗೆಕೊಳವೆಯ ಒಲೆ ಕಟ್ಟಿಸಿಕೊಟ್ಟರು. 2011ರಲ್ಲಿ ಫಲಿತಾಂಶ ಬಂತು. ಒಲೆ ಸಿಕ್ಕ ಮನೆಗಳ ಕೂಸುಗಳ ಪಾಲಿನ ಹೊಗೆ ಅರ್ಧಕ್ಕೆ ಇಳಿದಿತ್ತು. ನ್ಯುಮೋನಿಯಾ ನೂರಕ್ಕೆ 16ರಷ್ಟು ಕಡಿಮೆ, ಆದರೆ ಅದು ಆಕಸ್ಮಿಕವಿರಬಹುದೆಂಬ ಸಂಶಯ ಉಳಿಯಿತು. ಅದೇ ಮಕ್ಕಳನ್ನು ಒಲೆ ಸಿಕ್ಕವರು, ಸಿಗದವರು ಎಂಬ ಎರಡು ಗುಂಪಾಗಿ ನೋಡದೆ, ಒಬ್ಬೊಬ್ಬರ ಪಾಲಿಗೆ ಬಂದ ಕಾರ್ಬನ್ ಮಾನಾಕ್ಸೈಡನ್ನು ಅಳೆದು ಲಾಗ್ ರೇಖೆಯಲ್ಲಿ ಕೂರಿಸಿದಾಗ, ಹೊಗೆ ಅರ್ಧವಾದರೆ ನ್ಯುಮೋನಿಯಾ ನೂರಕ್ಕೆ 18ರಷ್ಟು ಕಡಿಮೆ ಎಂದಾಯಿತು. ಈ ಸಲ ಸಂಶಯಕ್ಕೆ ಹೆಚ್ಚು ಎಡೆ ಇರಲಿಲ್ಲ. 16ಕ್ಕೂ 18ಕ್ಕೂ ಅಂಥ ಅಂತರವೇನಿಲ್ಲ. ಮಾಹಿತಿ ಪೋಲಾಗದ್ದರಿಂದ ಅದೇ ಮಾತಿಗೆ ಗಟ್ಟಿತನ ಬಂತು.

ಲಾಗ್ ರೇಖೆಯ ಅರ್ಥವನ್ನು ಗಮನಿಸಿ. ಪ್ರತಿ ಸಲ ಅರ್ಧ ಮಾಡಿದಾಗಲೂ ಲಾಭ ಒಂದೇ. ಹೊಗೆ 400ರಿಂದ 200ಕ್ಕೆ ಇಳಿದರೆ ಎಷ್ಟೋ, 40ರಿಂದ 20ಕ್ಕೆ ಇಳಿದರೂ ಅಷ್ಟೇ. ಹೊಗೆ ವಿಪರೀತವಿರುವ ಮನೆಯಲ್ಲಿ ತುಸು ತಗ್ಗಿಸುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪೂರ್ತಿ ಕೆಳಕ್ಕೆ ಹೋಗಬೇಕು, ಅಂದರೆ ಗ್ಯಾಸೇ ಬೇಕು ಎಂಬ ವಾದ ಇಲ್ಲಿಂದ ಬಂತು. ಹಾಗಾದರೆ ಗ್ಯಾಸ್ ಕೊಟ್ಟೇ ನೋಡೋಣವೆಂದು ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ 3,200 ಗರ್ಭಿಣಿಯರನ್ನು ಸೇರಿಸಿಕೊಂಡು ಹ್ಯಾಪಿನ್ ಎಂಬ ಪ್ರಯೋಗ ನಡೆಯಿತು. ಒಂದು ಪಾಲು ಮನೆಗಳಿಗೆ ಒಲೆ, ಸಿಲಿಂಡರ್ ಎರಡೂ ಉಚಿತ. ಗ್ಯಾಸಿನ ಮನೆಗಳಲ್ಲಿ ಗರ್ಭಿಣಿಯರ ಪಾಲಿನ ಪಿಎಂ 2.5 ಘನ ಮೀಟರಿಗೆ ಸುಮಾರು 24 ಮೈಕ್ರೋಗ್ರಾಂ, ಸೌದೆಯ ಮನೆಗಳಲ್ಲಿ ಸುಮಾರು 71. ಹುಟ್ಟಿದ ಕೂಸುಗಳ ತೂಕದ ಅಂತರ ಸರಾಸರಿ 20 ಗ್ರಾಂ ಮುಟ್ಟಲಿಲ್ಲ, ಅದೂ ಆಕಸ್ಮಿಕವಿರಬಹುದಾದಷ್ಟು. 2022ರಲ್ಲಿ ಈ ಫಲಿತಾಂಶ ಬಂದಾಗ ರೇಖೆ ಎಳೆಯುವ ನಮ್ಮಂಥವರಿಗೆ ಮುಖ ತಗ್ಗಿಸುವ ಹಾಗಾಯಿತು. ಕಾರಣಗಳು ಹಲವಿರಬಹುದು, ಗರ್ಭದ ಮೊದಲ ತಿಂಗಳುಗಳು ಕಳೆದ ಮೇಲೆ ಗ್ಯಾಸ್ ಬಂದದ್ದೂ ಒಂದಿರಬಹುದು. ಆದರೆ ಒಂದಂತೂ ನಿಶ್ಚಯ. ಹೊಗೆ ಹೆಚ್ಚಿರುವ ಮನೆಯಲ್ಲಿ ಬಡತನವೂ ಹೆಚ್ಚು, ತಾಯಿಯ ತಟ್ಟೆಗೆ ಬೀಳುವುದೂ ಕಡಿಮೆ. ಆ ಗಂಟನ್ನು ಬಿಡಿಸದ ಹೊರತು ಸರಳರೇಖೆಯಾಗಲಿ, ಸ್ಪ್ಲೈನಾಗಲಿ, ನಲವತ್ನಾಲ್ಕರಲ್ಲಿ ಆರಿಸಿದ್ದಾಗಲಿ, ಬಡತನದ ಪರಿಣಾಮವನ್ನೇ ಹೊಗೆಯದೆಂದು ಸೊಗಸಾಗಿ ಬರೆದು ತೋರಿಸುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು? ನನ್ನ ತೀರ್ಪು ಹೀಗಿದೆ. ಸಾವಿರಾರು ಜನರ ಮಾಹಿತಿ ಇದ್ದಲ್ಲಿ ಹೊಂದಿಕೊಳ್ಳುವ ವಿಧಾನವೇ ಮೇಲು. ನಿಜಸ್ಥಿತಿ ಸರಳರೇಖೆಯೇ ಆಗಿದ್ದರೆ ಅದು ಬಹುಮಟ್ಟಿಗೆ ಸರಳರೇಖೆಯನ್ನೇ ಕೊಡುತ್ತದೆ, ಕಳೆದುಕೊಳ್ಳುವುದು ಅಲ್ಪ. ನಿಜಸ್ಥಿತಿ ಬಾಗಿದ್ದರೆ ಹಳೆಯ ವಿಧಾನ ದಾರಿ ತಪ್ಪಿಸುತ್ತದೆ. ಇನ್ನೂರು-ಮುನ್ನೂರು ಜನರ ಅಧ್ಯಯನದಲ್ಲಿ ಹಾಗಲ್ಲ. ಹತ್ತು ಜನರನ್ನು ತೆಗೆದು ಹತ್ತು ಜನರನ್ನು ಹಾಕಿದರೆ ಯಂತ್ರ ಬೇರೆಯೇ ಆಕಾರವನ್ನು ಆರಿಸುತ್ತದೆ. ಅಲ್ಲಿ ಒಂದು ರೇಖೆಯನ್ನು ಮೊದಲೇ ಘೋಷಿಸಿ ಅದಕ್ಕೆ ಬದ್ಧರಾಗುವುದು ಲೇಸು. ಅಳತೆಯೇ ಮಸುಕಾಗಿದ್ದರೆ ಎರಡೂ ವಿಧಾನ ಸೋಲುತ್ತವೆ. ಮಸುಕು ಬಾಗನ್ನು ಸವರಿ ನೇರ ಮಾಡುತ್ತದೆ, ಇಂತಿಷ್ಟರವರೆಗೆ ಅಪಾಯವಿಲ್ಲ ಎಂಬ ಹೊಸ್ತಿಲಿದ್ದರೆ ಅದನ್ನೂ ಅಳಿಸುತ್ತದೆ. ಗುಂಪಿನ ಪಟ್ಟಿಯನ್ನು ಪೂರಾ ಬಿಡಬೇಕೆಂದೂ ನಾನು ಹೇಳುವುದಿಲ್ಲ. ಡಾಲ್-ಹಿಲ್ ಪಟ್ಟಿಯಂತೆ ಯಾರು ಬೇಕಾದರೂ ಭಾಗಿಸಿ ನೋಡಬಹುದಾದ ಪಟ್ಟಿ ರೇಖೆಯ ಪಕ್ಕದಲ್ಲಿ ಇರಲಿ. ಆದರೆ ನಿರ್ಣಯ ಅದರ ಮೇಲೆ ನಿಲ್ಲದಿರಲಿ.

ಗಡಿಗಳು ಬೇಕಾದ ಜಾಗವೂ ಒಂದಿದೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಕೈಯಲ್ಲಿ ದೀರ್ಘಕಾಲದ ಕಾಯಿಲೆಗಳ ತಪಾಸಣೆಗೆಂದು ಒಂದು ಫಾರಂ ಇರುತ್ತದೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 81ರಿಂದ 90 ಇದ್ದರೆ ಒಂದು, ಅದಕ್ಕೂ ಮೇಲೆ ಎರಡು ಅಂಕ. ಎಲ್ಲ ಪ್ರಶ್ನೆಗಳ ಅಂಕ ಒಟ್ಟು ನಾಲ್ಕು ದಾಟಿದರೆ ಮೊದಲು ತಪಾಸಣೆಗೆ ಕಳಿಸಬೇಕು. ಯಾರನ್ನು ಮೊದಲು ಕಳಿಸುವುದೆಂದು ಬಾಗಿಲಲ್ಲಿ ನಿಂತು ತೀರ್ಮಾನಿಸಬೇಕಾದವರಿಗೆ ಇದು ಸರಿ. ಆದರೆ ಟೇಪಿನಲ್ಲಿ ಕಂಡ 87 ಎಂಬ ಸಂಖ್ಯೆ ಫಾರಂನಲ್ಲಿ ‘ಒಂದು’ ಆಗಿ, ಮುಂದೆ ಸಂಶೋಧಕನ ಕೈಗೂ ‘ಒಂದು’ ಆಗಿಯೇ ಬಂದರೆ, ಯಾವ ಹೊಸ ವಿಧಾನವೂ ಅದನ್ನು ಮರಳಿ 87 ಮಾಡಲಾರದು.

ಅಡುಗೆ ಇಂಧನದ ಪ್ರಶ್ನೆಯೂ ಹಾಗೆಯೇ. ಸಮೀಕ್ಷೆಗಳಲ್ಲಿ ಕೇಳುವುದು ‘ಅಡುಗೆಗೆ ಮುಖ್ಯವಾಗಿ ಯಾವ ಇಂಧನ ಬಳಸುತ್ತೀರಿ?’ ಎಂದು. ಮನೆಯಾಕೆ ಗ್ಯಾಸ್ ಎನ್ನುತ್ತಾಳೆ, ಸುಳ್ಳಲ್ಲ. ಹಿತ್ತಲ ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಳಗ್ಗೆ ಒಂದು ಗಂಟೆ ಸೌದೆ ಉರಿಯುತ್ತದೆ, ಸಿಲಿಂಡರ್ ಮುಗಿದ ವಾರ ರೊಟ್ಟಿಯೂ ಸೌದೆಯ ಮೇಲೆಯೇ. ಕಾಗದದಲ್ಲಿ ಆ ಮನೆ ‘ಶುದ್ಧ ಇಂಧನ’ದ ಗುಂಪಿಗೆ ಸೇರಿ, ಹೊಗೆ ಸೊನ್ನೆ ಎಂದಾಗುತ್ತದೆ. ಆಮೇಲೆ ಗ್ಯಾಸ್ ಬಂದರೂ ಕೆಮ್ಮು ಹೋಗಲಿಲ್ಲವೇಕೆ ಎಂದು ನಾವು ಪ್ರಬಂಧ ಬರೆಯುತ್ತೇವೆ.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ, ಮುಂದೆ ಸಮೀಕ್ಷೆ ನಡೆಸಲಿರುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಪ್ರಶ್ನಾವಳಿಯಲ್ಲಿ ‘5ಕ್ಕಿಂತ ಕಡಿಮೆ’, ‘5ರಿಂದ 14’ ಎಂಬ ಚೌಕಗಳನ್ನು ತೆಗೆದುಹಾಕಿ. ದಿನಕ್ಕೆ ಎಷ್ಟು ಬೀಡಿ, ಯಾವ ವಯಸ್ಸಿನಿಂದ, ಒಲೆ ದಿನಕ್ಕೆ ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳಿ, ಬಂದ ಸಂಖ್ಯೆಯನ್ನು ಹಾಗೆಯೇ ಬರೆದಿಡಿ. ಯಾವ ಆಕಾರದ ರೇಖೆಯನ್ನು ಪರೀಕ್ಷಿಸುತ್ತೀರೆಂದು ಮಾಹಿತಿ ಕೈಸೇರುವ ಮೊದಲೇ ಬರೆದು, ತಾರೀಖು ಹಾಕಿ, ನಿಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಕೊಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಅನುದಾನವೂ ಬೇಡ. ಮುಂದಿನ ಪ್ರಶ್ನಾವಳಿ ಅಚ್ಚಿಗೆ ಹೋಗುವ ಮುನ್ನ ಮಾಡಿದರೆ ಸಾಕು.